ಕೇಳುವುದೆಂದರೆ

‘ಹುಡುಗ ಬುದ್ಧಿವಂತನೇ ಸಾರ್, ಆದರೆ ಹೇಳಿದ ಮಾತು ಕೇಳುವುದಿಲ್ಲ.’

ಕೊಳ್ಳೇಗಾಲದಲ್ಲಾಗಲಿ ಹನೂರಿನಲ್ಲಾಗಲಿ, ಯಾವ ಶಾಲೆಯ ಪೋಷಕರ ಸಭೆಗೆ ಹೋದರೂ ಈ ಒಂದು ವಾಕ್ಯ ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. ಹುಡುಗನ ಕಿವಿ ಮಂದ ಎಂದು ಯಾವ ತಂದೆಯೂ ಹೇಳುತ್ತಿಲ್ಲ. ಕನ್ನಡದ ‘ಕೇಳು’ ಎಂಬ ಪುಟ್ಟ ಪದದ ಹೊಟ್ಟೆಯೊಳಗೆ ಮೂರು ಕೆಲಸಗಳಿವೆ. ಹಾಡು ಕೇಳುವುದು ಕಿವಿಯ ಕೆಲಸ. ಲೆಕ್ಕ ತಿಳಿಯದಿದ್ದಾಗ ಮೇಷ್ಟರನ್ನು ಕೇಳುವುದು ಬಾಯಿಯ ಕೆಲಸ. ಅಪ್ಪನ ಮಾತು ಕೇಳುವುದು ಮಾತ್ರ ಕೈಕಾಲುಗಳ ಕೆಲಸ. ತಮಿಳಿನಲ್ಲೂ ಇದೇ ಪದ, ಇವೇ ಅರ್ಥಗಳು. ದೂರದ ಲ್ಯಾಟಿನ್ ಭಾಷೆಯಲ್ಲೂ ವಿಧೇಯತೆಯ ಪದ ಹುಟ್ಟಿದ್ದು ಕೇಳುವ ಪದದಿಂದಲೇ. ಕೇಳಿಯೂ ನಡೆಯದವನು ಕೇಳಿದಂತಲ್ಲ ಎಂಬುದು ಇಷ್ಟು ಭಾಷೆಗಳಿಗೆ ಹೇಗೆ ಹೊಳೆಯಿತೋ!

ಹನೂರು ಸೀಮೆಯ ಕಥೋಲಿಕರಿಗೆ ಈ ಪದ ಎರಡು ಭಾಷೆಯಲ್ಲೂ ಪರಿಚಿತ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಹನೂರು ಬೇರೆ ತಾಲ್ಲೂಕಾದದ್ದಂತೂ ಮೊನ್ನೆ ಮೊನ್ನೆ. ಸರ್ಕಾರದ ಕಾಗದದಲ್ಲಿ ಗಡಿ ಎಲ್ಲಿಂದೆಲ್ಲಿಗೆ ಓಡಾಡಿದರೂ ಮಾರ್ಟಳ್ಳಿ, ಸಂದನಪಾಳ್ಯದ ಕಡೆಯ ಮನೆಗಳ ಅಡಿಗೆಮನೆಯಲ್ಲಿ ತಮಿಳು ಹಾಗೇ ಉಳಿದುಕೊಂಡಿತು, ಮಕ್ಕಳ ಶಾಲೆಯ ಚೀಲಕ್ಕೆ ಕನ್ನಡ ಬಂದು ಸೇರಿತು. ಮನೆಯಲ್ಲಿ ‘ಪೆರಿಯಪ್ಪ’ ಎನ್ನುವ ಹುಡುಗ ಪರೀಕ್ಷೆಯ ಪ್ರಬಂಧದಲ್ಲಿ ‘ದೊಡ್ಡಪ್ಪ’ ಎಂದು ಬರೆಯುತ್ತಾನೆ. ಅದೊಂದು ದೊಡ್ಡ ಸಂಗತಿಯೆಂದು ಅಲ್ಲಿ ಯಾರಿಗೂ ಅನ್ನಿಸಿಲ್ಲ.

ಆ ಸೀಮೆಯ ಒಂದು ಊರು. ಹೆಸರು ಬೇಡ. ಮಳೆ ಕೈಕೊಟ್ಟ 2023ರ ಸೆಪ್ಟೆಂಬರಿನ ಕೊನೆಯ ದಿನ, ಶನಿವಾರ ರಾತ್ರಿ. ಕೊಳ್ಳೇಗಾಲದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ಎರಡನೇ ಪಿಯುಸಿ ಹುಡುಗನೊಬ್ಬ ಮರುದಿನದ ಬಲಿಪೂಜೆಯಲ್ಲಿ ಮೊದಲ ವಾಚನ ಓದಬೇಕಾಗಿತ್ತು. ಹಿಂದಿನ ಸಲ ಓದುವಾಗ ತಡವರಿಸಿ ಗೆಳೆಯರಿಂದ ನಗೆಗೀಡಾಗಿದ್ದ. ಈ ಸಲ ಹಾಗಾಗಬಾರದೆಂದು ಜಗುಲಿಯ ದೀಪದ ಕೆಳಗೆ ಕುಳಿತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಪ್ರವಾದಿ ಎಜೆಕಿಯೇಲನ ಗ್ರಂಥದ ತನ್ನ ಭಾಗ ಮುಗಿದ ಮೇಲೆ, ನಾಲಗೆ ಪಳಗಲೆಂದು, ಪುಟ ತಿರುವಿ ಫಾದರ್ ಓದಬೇಕಾದ ಶುಭಸಂದೇಶವನ್ನೂ ಓದತೊಡಗಿದ.

ಮತ್ತಾಯನ ಶುಭಸಂದೇಶದ ಆ ಕತೆ ಚಿಕ್ಕದು. ಒಬ್ಬ ತಂದೆಗೆ ಇಬ್ಬರು ಮಕ್ಕಳು. ತಂದೆ ಒಬ್ಬನಿಗೆ, ಹೋಗಿ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡು ಎನ್ನುತ್ತಾನೆ. ಅವನು ಮುಖಕ್ಕೆ ಹೊಡೆದಂತೆ ಆಗುವುದಿಲ್ಲ ಎನ್ನುತ್ತಾನೆ; ಆಮೇಲೆ ಮನಸ್ಸು ಕಲಕಿ ಎದ್ದು ಹೋಗುತ್ತಾನೆ. ಇನ್ನೊಬ್ಬನಿಗೂ ತಂದೆ ಅದೇ ಮಾತು ಹೇಳುತ್ತಾನೆ. ಅವನು ಬಲು ವಿನಯದಿಂದ ಒಪ್ಪಿಕೊಳ್ಳುತ್ತಾನೆ, ಆದರೆ ಹೋಗುವುದಿಲ್ಲ. ಈ ಇಬ್ಬರಲ್ಲಿ ತಂದೆಯ ಮಾತು ನಡೆಸಿದವನು ಯಾರು ಎಂದು ಯೇಸುಸ್ವಾಮಿ ಸುತ್ತಲಿದ್ದವರನ್ನು ಕೇಳುತ್ತಾರೆ.

ಹುಡುಗ ಅಲ್ಲಿಯವರೆಗೆ ಓದಿದ್ದನಷ್ಟೆ. ಒಳಗೆ ಊಟಕ್ಕೆ ಕೂತಿದ್ದ ಅಪ್ಪ ತಟ್ಟೆ ಹಾಗೇ ಬಿಟ್ಟು ಎದ್ದು ಹಿತ್ತಲಿಗೆ ಹೋದ. ಮೂಲೆಯಲ್ಲಿ ಜಪಸರ ಹಿಡಿದು ಕೂತಿದ್ದ ಅಜ್ಜಿ, ‘ಸಾಕು ಬುಡಪ್ಪ, ಮಲಕ್ಕೋ’ ಎಂದಳು. ಹುಡುಗನಿಗೆ ಉಚ್ಚಾರಣೆ ತಪ್ಪಾಯಿತೇನೋ ಎಂದು ಅನುಮಾನವಾಯಿತು.

ಈ ಅಜ್ಜಿಯ ವಿಷಯ ಒಂದಿಷ್ಟು ಹೇಳಬೇಕು. ಎಂಬತ್ತು ದಾಟಿದ ಜೀವ. ಅವಳ ಬಾಲ್ಯದಲ್ಲಿ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಗುರುಗಳು ಜನರಿಗೆ ಬೆನ್ನು ಮಾಡಿ ಪೀಠದ ಕಡೆ ತಿರುಗಿ ಮಂತ್ರ ಹೇಳುತ್ತಿದ್ದರು. ಇತ್ತ ಹೆಂಗಸರು ತಮ್ಮ ಪಾಡಿಗೆ ಜಪಸರ ಎಣಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆ ಬಾಗಿಸಿದರೆ ಆಯಿತು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆದ ಮೇಲೆ ಪೂಜೆ ಆಯಾ ಊರಿನ ಭಾಷೆಗೆ ಇಳಿಯಿತು. 1969ರಲ್ಲಿ ಭಾರತದ ಧರ್ಮಸಭೆಗೆ ನೆಲದ ಮೇಲೆ ಕುಳಿತು ಪ್ರಾರ್ಥಿಸಲು, ಕೈಮುಗಿದು ನಮಸ್ಕರಿಸಿ ಶಾಂತಿ ಕೋರಲು ರೋಮಿನ ಒಪ್ಪಿಗೆಯೂ ಸಿಕ್ಕಿತು. ಈ ಸುಧಾರಣೆಯ ಬಗ್ಗೆ ಪಂಡಿತರು ಬರೆದದ್ದು ಬೇಕಾದಷ್ಟಿದೆ. ಅಜ್ಜಿಯದು ಒಂದೇ ಮಾತು: ‘ಅರ್ತ ಆಗ್ದೇ ಇದ್ದಾಗ ಸುಕವಾಗಿದ್ದೆ. ಅರ್ತ ಆದ್ಮೇಲೆ ಕಷ್ಟ ಸುರುವಾಯ್ತು.’

ತಮಾಷೆಗೆ ಹೇಳಿದ ಮಾತಾದರೂ ಹುರುಳಿಲ್ಲದ್ದಲ್ಲ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಇಬ್ಬರು ಮಕ್ಕಳ ಈ ಕತೆ 2023ರ ಅಕ್ಟೋಬರ್ 1ರಂದು ಬಂತು. ಅದಕ್ಕೆ ಹಿಂದೆ 2020ರಲ್ಲಿ, 2017ರಲ್ಲಿ. ಹೀಗೆ ಹಿಂದೆ ಹಿಂದೆ ಎಣಿಸುತ್ತ ಹೋದರೆ 1993ರ ಸೆಪ್ಟೆಂಬರ್ 26ಕ್ಕೆ ಹೋಗಿ ನಿಲ್ಲುತ್ತದೆ. ಆ ಮನೆಯಲ್ಲಿ ಲೆಕ್ಕ ನಿಲ್ಲುವುದೂ ಅಲ್ಲಿಗೇ.

1993ರ ಏಪ್ರಿಲ್ 9. ಅಂದು ಶುಭ ಶುಕ್ರವಾರ. ಯೇಸುವಿನ ಮರಣವನ್ನು ನೆನೆಯುವ ದಿನ. ಅದೇ ದಿನ ಪಾಲಾರ್ ಬಳಿ ವೀರಪ್ಪನ್ ಗುಂಪು ಹೂತಿಟ್ಟಿದ್ದ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಅವರ ಜೊತೆಗಿದ್ದ ಮಾಹಿತಿದಾರರು ಸೇರಿ 22 ಜನ ಸತ್ತರು. ಅದಕ್ಕೆ ಮುಂಚಿನ ವರ್ಷ, 1992ರ ಆಗಸ್ಟ್ 14ರಂದು, ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹೊಂಚಿಗೆ ಬಲಿಯಾಗಿದ್ದರು. ಸತ್ತವರ ಮನೆಗಳಲ್ಲೂ ಅಪ್ಪ ಅಮ್ಮ ಇದ್ದರು. ಅದನ್ನು ಮರೆತು ಆ ಕಾಲದ ಕತೆ ಹೇಳುವುದು ನ್ಯಾಯವಲ್ಲ.

ಅಲ್ಲಿಂದ ಮುಂದೆ ಕಾಡಂಚಿನ ಹಳ್ಳಿಗಳಲ್ಲಿ ಬಂಧನಗಳು ಶುರುವಾದವು. ಮಾರ್ಟಳ್ಳಿ ಸುತ್ತಿನ ಎಷ್ಟೋ ಜನ ಟಾಡಾ ಕಾಯ್ದೆಯಡಿ ಮೈಸೂರಿನ ಜೈಲು ಸೇರಿದರು. ಕಾಡಿನವರಿಗೆ ಅಕ್ಕಿ ಕೊಟ್ಟರೆಂದು ಪೊಲೀಸರ ಸಿಟ್ಟು; ಪೊಲೀಸರಿಗೆ ಸುದ್ದಿ ಕೊಟ್ಟರೆಂದು ಕಾಡಿನವರ ಸಿಟ್ಟು. ಟಾಡಾ ಕಾಯ್ದೆ 1995ರ ಮೇ ತಿಂಗಳಲ್ಲಿ ಅವಧಿ ಮುಗಿದು ಬಿದ್ದುಹೋಯಿತು, ಆದರೆ ಅದರ ಹಳೆಯ ಮೊಕದ್ದಮೆಗಳು ಬೀಳಲಿಲ್ಲ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಹೆಚ್ಚಿನವರು ಖುಲಾಸೆಯಾದರು. ಅಷ್ಟು ಹೊತ್ತಿಗೆ ಎಂಟು ವರ್ಷ ಕಳೆದಿತ್ತು. ಕಾರ್ಯಾಚರಣೆಯ ಕಾಲದ ದೌರ್ಜನ್ಯಗಳ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಜನರಿಗೆ ಪರಿಹಾರ ಕೊಡಲು ಆಯೋಗ ಹೇಳಿತು.

ಆ ಹುಡುಗನ ದೊಡ್ಡಪ್ಪ ಹೀಗೆ ಹೋಗಿ ಹೀಗೆ ಬಂದವರಲ್ಲಿ ಒಬ್ಬ. ಹೋದಾಗ ಇಪ್ಪತ್ತೆಂಟು, ಬಂದಾಗ ಮೂವತ್ತಾರು.

ಬಂಧನವಾದ ಹೊಸದರಲ್ಲಿ ಅಜ್ಜಿ ತನ್ನ ಉಳಿದಿಬ್ಬರು ಮಕ್ಕಳನ್ನು ಕರೆದು, ಮೈಸೂರಿಗೆ ಹೋಗಿ ಅಣ್ಣನನ್ನು ನೋಡಿಕೊಂಡು ಬನ್ನಿ ಎಂದಳು. ಮಗಳು ಆಗ ಕೊಳ್ಳೇಗಾಲದಲ್ಲಿ ಓದುತ್ತಿದ್ದಳು. ‘ನಾನು ಬಿಲ್‌ಕುಲ್ ಹೋಗಲ್ಲಮ್ಮ, ನಂಗೆ ಭಯ’ ಎಂದು ಅತ್ತಳು. ಕಿರಿಯ ಮಗ, ಅಂದರೆ ಹುಡುಗನ ಅಪ್ಪ, ‘ಹೋಗ್ತೀನಮ್ಮ, ನೀನು ಅಳಬೇಡ’ ಎಂದ.

ಭಾನುವಾರ ಕಳೆದು ಭಾನುವಾರ ಬಂತು. ಅವನು ಹೋಗಲಿಲ್ಲ. ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಾಳೆಹಣ್ಣು, ಬನ್ನು ಕೊಂಡು, ಅದೇ ಬಸ್ಸಿನಲ್ಲಿ ವಾಪಸು ಬಂದ. ಜೈಲಿನ ಬಾಗಿಲಲ್ಲಿ ಹೆಸರು ಬರೆಸಬೇಕು, ಊರು ಬರೆಸಬೇಕು, ಸಂಬಂಧ ಬರೆಸಬೇಕು. ಆ ಪುಸ್ತಕದಲ್ಲಿ ಹೆಸರು ಬಿದ್ದರೆ ನಾಳೆ ತನ್ನನ್ನೂ ಹುಡುಕಿಕೊಂಡು ಬಂದರೆ? ಇಪ್ಪತ್ತು ವರ್ಷದ ಹುಡುಗನ ಈ ಭಯವನ್ನು ಇಂದು ಹೇಡಿತನ ಎನ್ನುವುದು ಸುಲಭ. ಆ ದಿನಗಳಲ್ಲಿ ಅಲ್ಲಿ ಬದುಕಿದವರು ಯಾರೂ ಹಾಗೆ ಅಂದದ್ದಿಲ್ಲ.

ಹೋಗುವುದಿಲ್ಲ ಎಂದು ಅತ್ತ ಮಗಳು ಒಂದು ದಿನ ಊರಿನ ಮೂವರು ಹೆಂಗಸರ ಜೊತೆ ಸದ್ದಿಲ್ಲದೆ ಬಸ್ಸು ಹತ್ತಿದಳು. ಅಣ್ಣನಿಗೆಂದು ಒಂದು ಲುಂಗಿ, ಒಂದು ಸೋಪು, ಹುರಿದ ಕಡಲೆ. ಆಮೇಲೆ ಎಂಟು ವರ್ಷ ಹೋದಳು. ತಿಂಗಳು ತಿಂಗಳೂ ಅಲ್ಲ; ಕೈಯಲ್ಲಿ ಬಸ್ ಚಾರ್ಜು ಇದ್ದಾಗ. ಜೈಲಿನಲ್ಲಿರುವವನನ್ನು ನೋಡಲು ಹೋದದ್ದು ತನ್ನನ್ನೇ ನೋಡಲು ಬಂದಂತೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಅದರ ಬಸ್ ಟಿಕೆಟ್ ಎಷ್ಟಾಗುತ್ತದೆಂಬುದು ಪಠ್ಯದಲ್ಲಿಲ್ಲ.

ದೊಡ್ಡಪ್ಪ ಊರಿಗೆ ಬಂದಾಗ ತಮ್ಮ ಎದುರಿಗೆ ಹೋಗಲಿಲ್ಲ. ಏನೆಂದು ಹೋಗುವುದು? ಅಣ್ಣನೂ ಕೇಳಲಿಲ್ಲ. ಜಮೀನು ಪಾಲಾಯಿತು, ಮನೆಗಳು ಬೇರೆಯಾದವು. ನಡುವೆ ಒಂದು ಬೇಲಿ, ಆಮೇಲೆ ಒಂದು ಬೋರ್‌ವೆಲ್ ಜಗಳ, ಆಮೇಲೆ ಜಗಳವೂ ಇಲ್ಲದ ಮೌನ. ನೋಡಿದವರು ನೀರಿಗಾಗಿ ಮಾತು ಬಿಟ್ಟರು ಎಂದುಕೊಂಡರು. ಇಬ್ಬರೂ ಪ್ರತಿ ಭಾನುವಾರ ಪೂಜೆಗೆ ಬರುತ್ತಿದ್ದರು. ಗಂಡಸರ ಕಡೆ ಅಣ್ಣ ಮುಂದಿನ ಕಂಬದ ಬಳಿ, ತಮ್ಮ ಹಿಂದಿನ ಬಾಗಿಲ ಬಳಿ. ಶಾಂತಿಯ ವಿನಿಮಯಕ್ಕೆ ಕೈಮುಗಿಯುವ ಹೊತ್ತಿನಲ್ಲಿ ಇಬ್ಬರ ನಡುವೆ ಯಾವಾಗಲೂ ಮೂವತ್ತು ನಲವತ್ತು ಜನ ಇರುತ್ತಿದ್ದರು. ಅಕ್ಕಪಕ್ಕದವರಿಗೆ ಕೈಮುಗಿದರೆ ವಿಧಿ ಪೂರ್ಣವಾಗುತ್ತದೆ. ಇಂಥ ಅನುಕೂಲಗಳನ್ನು ಮನುಷ್ಯ ಎಲ್ಲ ದೇವಾಲಯಗಳಲ್ಲೂ ಹುಡುಕಿಕೊಳ್ಳುತ್ತಾನೆ.

ಹುಡುಗನಿಗೆ ಇದೇನೂ ತಿಳಿದಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಮಕ್ಕಳು ಮಾತು ಕೇಳುವುದಿಲ್ಲ ಎಂದು ದೂರುವ ಹಿರಿಯರು ಹೇಳಬೇಕಾದ ಮಾತುಗಳನ್ನು ಹೇಳುವುದಿಲ್ಲ ಎಂಬುದು ಬೇರೆ ವಿಷಯ.

ಅವನಿಗೆ ಹೇಳಿದವಳು ಅತ್ತೆ, ಆ ಭಾನುವಾರದ ಮರುದಿನ. ಅಕ್ಟೋಬರ್ 2 ರಜಾದಿನ, ಹುಡುಗ ಯಳಂದೂರಿಗೆ ಹೋಗಿದ್ದ. ಅತ್ತೆ ಅಲ್ಲಿ ಶಾಲೆಯೊಂದರಲ್ಲಿ ಮೇಡಂ. ಯಳಂದೂರು ಎಂದರೆ ದಿವಾನ್ ಪೂರ್ಣಯ್ಯನವರ ಜಹಗೀರು, ಗೌರೀಶ್ವರ ದೇವಸ್ಥಾನದ ಬಳೆಮಂಟಪ, ಬೆನ್ನಿಗೆ ಬಿಳಿಗಿರಿರಂಗನ ಬೆಟ್ಟ. ಬಳೆಮಂಟಪದ ಕಲ್ಲಿನ ಬಳೆಗಳನ್ನು ಮಕ್ಕಳಿಗೆ ತೋರಿಸುತ್ತಾ, ಒಂದೇ ಕಲ್ಲಿನಲ್ಲಿ ಕೆತ್ತಿದ ಕೊಂಡಿಗಳು ಹೇಗೆ ಒಂದರೊಳಗೊಂದು ಅಲ್ಲಾಡುತ್ತವೆ ನೋಡಿ ಎಂದು ವಿವರಿಸುವುದೆಂದರೆ ಅತ್ತೆಗೆ ಬಲು ಇಷ್ಟ. ಕಥೋಲಿಕರು ಹೆಚ್ಚಾಗಿಲ್ಲದ ಊರಿನಲ್ಲಿ ಅವಳ ಧರ್ಮವನ್ನು ಯಾರೂ ಪರೀಕ್ಷಿಸುವುದಿಲ್ಲ, ಯಾರೂ ಹೊಗಳುವುದೂ ಇಲ್ಲ.

ಒಂದು ಸಲ ಅವಳ ತರಗತಿಯಲ್ಲಿ ಹುಡುಗನೊಬ್ಬನ ಕಿರುಪರೀಕ್ಷೆಯ ಅಂಕ ಕೂಡುವಾಗ ಅವಳೇ ತಪ್ಪಿದ್ದಳು. ಹುಡುಗ ಬಂದು ಕೇಳಿದ. ಕೆಲಸದ ಗಡಿಬಿಡಿಯಲ್ಲಿ ಗದರಿ, ‘ನೀನೇ ತಿದ್ದಿಕೊಂಡು ಬಂದಿದ್ದೀಯ’ ಎಂದುಬಿಟ್ಟಳು, ಅದೂ ಎಲ್ಲರೆದುರಿಗೆ. ಸಂಜೆ ರಿಜಿಸ್ಟರು ತೆಗೆದು ನೋಡಿದರೆ ತಪ್ಪು ತನ್ನದು. ಅಂಕ ತಿದ್ದಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ಮರುದಿನ ತರಗತಿಗೆ ಹೋಗಿ, ಗದರಿದ್ದ ಜಾಗದಲ್ಲೇ ನಿಂತು, ಹುಡುಗನ ಹೆಸರು ಹಿಡಿದು ಕರೆದು, ‘ತಪ್ಪು ನನ್ನದು ಕಣಪ್ಪ, ಕ್ಷಮಿಸು’ ಎಂದಳು. ಸಹೋದ್ಯೋಗಿಯೊಬ್ಬರು, ಹೀಗಾದರೆ ಮಕ್ಕಳು ತಲೆಯ ಮೇಲೆ ಕೂರುತ್ತಾರೆ ಎಂದು ಎಚ್ಚರಿಸಿದರು. ಮಕ್ಕಳೇನೂ ಕೂರಲಿಲ್ಲ. ಪಾಪನಿವೇದನೆಯ ಪೀಠದಲ್ಲಿ ಗುರುಗಳ ಕಿವಿಗೆ ಮಾತ್ರ ಹೇಳಿ ಬರುವುದಕ್ಕಿಂತ ನಲವತ್ತು ಮಕ್ಕಳ ಎದುರು ಹೇಳುವುದು ಕಷ್ಟವಿತ್ತು ಎಂದು ಅತ್ತೆ ಆಮೇಲೆ ನಗುತ್ತ ಹೇಳಿಕೊಂಡಳು.

ಇಂಥ ಅತ್ತೆ ಅಂದು ಹುಡುಗನಿಗೆ ಜೈಲಿನ ಕತೆಯನ್ನು ಮೊದಲಿನಿಂದ ಹೇಳಿದಳು. ಹುಡುಗನಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅತ್ತೆ ಅದಕ್ಕೆ ಇಂಬು ಕೊಡಲಿಲ್ಲ. ‘ನಾನು ಹೋದದ್ದು ನಿಜ. ಆದ್ರೆ ಒಬ್ಬಳೇ ಹೋಗಲಿಲ್ಲ, ಮೂರು ಜನ ಹೆಂಗಸ್ರು ಕೈ ಹಿಡ್ಕೊಂಡು ಕರ್ಕೊಂಡು ಹೋದ್ರು. ನಿಮ್ಮಪ್ಪನ ಕೈಯ ಯಾರೂ ಹಿಡೀಲಿಲ್ಲ’ ಎಂದಳು.

ಆಗಲೇ ಅವಳು ಪಿ. ಶ್ರೀನಿವಾಸ್ ಅವರ ವಿಷಯವನ್ನೂ ಹೇಳಿದ್ದು. ಗೋಪಿನಾಥಂ ವೀರಪ್ಪನ್ನನ ಹುಟ್ಟೂರು. ಅರಣ್ಯಾಧಿಕಾರಿಯಾಗಿದ್ದ ಶ್ರೀನಿವಾಸ್ ಆ ಊರಿನಲ್ಲೇ ಉಳಿದು, ಜನರಿಗೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿದವರು. ಶರಣಾಗುತ್ತೇನೆಂಬ ವೀರಪ್ಪನ್ನನ ಮಾತನ್ನು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದರು. 1991ರ ನವೆಂಬರ್ 10ರಂದು ಕೊಲೆಯಾದರು. ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು. ಅದಕ್ಕಿಂತ ದೊಡ್ಡದೆಂದರೆ ಗೋಪಿನಾಥದ ಜನ ಇಂದಿಗೂ ಅವರನ್ನು ಮರೆತಿಲ್ಲ. ಶತ್ರುವನ್ನೂ ಮನುಷ್ಯನೆಂದು ಕಂಡವರು ಯಾರೆಂದು ಮಕ್ಕಳು ಕೇಳಿದರೆ ಅತ್ತೆ ಈ ಹೆಸರನ್ನು ಹೇಳುತ್ತಾಳೆ. ಅವರನ್ನು ತನ್ನ ಮತದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಆಸೆ ಅವಳಿಗಿಲ್ಲ. ಅವರು ತಮ್ಮ ಪಾಡಿಗೆ ತಮ್ಮ ದಾರಿಯಲ್ಲಿ ನಡೆದವರು. ಆದರೆ ಶುಭಸಂದೇಶ ಓದುವಾಗ ಅಂಥವರ ನೆನಪು ಬರುವುದನ್ನು ತಡೆಯುವುದು ಹೇಗೆ?

ಹಾಗೆ ನೋಡಿದರೆ ಆ ಸೀಮೆಯಲ್ಲಿ ಯಾರ ದಾರಿ ಎಲ್ಲಿ ಯಾರ ದಾರಿಗೆ ಸೇರುತ್ತದೆಂದು ಹೇಳುವುದು ಕಷ್ಟ. ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಪರಸೆ, ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆ, ಒಡೆಯರಪಾಳ್ಯದ ಟಿಬೆಟನ್ನರ ಪ್ರಾರ್ಥನಾ ಬಾವುಟಗಳು, ಕಥೋಲಿಕರ ತೇರು, ಎಲ್ಲವೂ ಅದೇ ರಸ್ತೆಗಳ ಮೇಲೆ. 2018ರ ಡಿಸೆಂಬರ್ 14, ಶುಕ್ರವಾರ. ಕಥೋಲಿಕರ ಮನೆಗಳಲ್ಲಿ ಕ್ರಿಸ್ಮಸ್ ಗೋದಲಿಯ ಸಿದ್ಧತೆಯ ದಿನಗಳು. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದಕ್ಕೆ ವಿಷ ಬೆರೆಸಿದ್ದರಿಂದ 17 ಜನ ಸತ್ತು ನೂರಕ್ಕೂ ಹೆಚ್ಚು ಜನ ನರಳಿದರು. ಅಂದು ಜನರನ್ನು ಸಿಕ್ಕ ಸಿಕ್ಕ ವಾಹನಗಳಲ್ಲಿ ಹಾಕಿಕೊಂಡು ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಿದರು. ಹೊತ್ತವರಾರು, ಹೊತ್ತದ್ದು ಯಾರನ್ನು ಎಂದು ಆ ರಾತ್ರಿ ಯಾರೂ ಜಾತಿ ಕೇಳಲಿಲ್ಲ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕತೆಯನ್ನು ಎಲ್ಲರೂ ಬಲ್ಲರು. ಆ ಗಾಯಾಳುವನ್ನು ಒಳಗೆ ಸೇರಿಸಿಕೊಂಡು ಮರುದಿನದಿಂದ ಆರೈಕೆಯ ಹೊಣೆ ಹೊತ್ತ ಛತ್ರದ ಯಜಮಾನನ ನೆನಪು ಯಾರಿಗೂ ಬರುವುದಿಲ್ಲ. ನಿದ್ದೆಗೆಟ್ಟು ಡ್ರಿಪ್ ಬದಲಿಸುವ ನರ್ಸಮ್ಮಂದಿರನ್ನು ನೋಡಿದಾಗ ಬರಬೇಕಾದದ್ದು ಆ ನೆನಪು.

ಅದಿರಲಿ. ಅಕ್ಟೋಬರಿನ ಆ ವಾರಕ್ಕೆ ಹಿಂತಿರುಗೋಣ.

ಭಾನುವಾರ ಪೂಜೆಯಲ್ಲಿ ಹುಡುಗ ತಡವರಿಸದೆ ಓದಿದ್ದ. ಫಾದರ್ ಇಬ್ಬರು ಮಕ್ಕಳ ಕತೆ ಓದಿ, ಪ್ರಬೋಧನೆಯಲ್ಲಿ ಮಳೆಯ ವಿಷಯ, ಮುಂದಿನ ವಾರದ ಶ್ರಮದಾನದ ವಿಷಯ ಹೇಳಿ ಮುಗಿಸಿದ್ದರು. ಕತೆಯ ಬಗ್ಗೆ ಹೆಚ್ಚು ಹೇಳಲಿಲ್ಲ. ಹಿಂದಿನ ಬಾಗಿಲ ಬಳಿ ನಿಂತಿದ್ದ ಅಪ್ಪ ಶಾಂತಿಯ ವಿನಿಮಯದ ಹೊತ್ತಿಗೆ ಎಂದಿನಂತೆ ಅಕ್ಕಪಕ್ಕದವರಿಗೆ ಕೈಮುಗಿದ. ಏನೂ ಆಗಲಿಲ್ಲ. ಪವಾಡಗಳು ಆಗುವುದಿದ್ದರೆ ಮೂವತ್ತು ವರ್ಷ ಕಾಯಬೇಕಾಗಿರಲಿಲ್ಲ.

ಸೋಮವಾರ ರಾತ್ರಿ ಯಳಂದೂರಿನಿಂದ ವಾಪಸು ಬಂದ ಹುಡುಗ ಅಪ್ಪನ ಮುಖ ನೋಡದೆ ಊಟ ಮಾಡಿದ. ಕೇಳಬೇಕೆಂದಿದ್ದ ಪ್ರಶ್ನೆ ಗಂಟಲವರೆಗೆ ಬಂದು ನಿಂತಿತು. ಮಂಗಳವಾರವೂ ಹಾಗೆಯೇ. ಅಪ್ಪನಿಗೆ ತಿಳಿಯಿತು. ಮಕ್ಕಳ ಮೌನದಲ್ಲಿ ಏನಿದೆಯೆಂದು ಅಪ್ಪಂದಿರಿಗೆ ತಿಳಿಯುವುದಿಲ್ಲವೆಂದು ಮಕ್ಕಳು ಭಾವಿಸುವುದುಂಟು. ಅದು ತಪ್ಪು.

ಆ ವಾರ ದೊಡ್ಡಪ್ಪನ ಮನೆಯಲ್ಲಿ ಕಷ್ಟ ಬಂದಿತ್ತು. ಅವನು ನೂರು ಮೊಟ್ಟೆ ರೇಷ್ಮೆ ಹುಳು ಹಾಕಿದ್ದ. ಮಳೆಯಿಲ್ಲ, ಬೋರ್‌ವೆಲ್ ಮೊದಲು ಕೆಮ್ಮಿ ಆಮೇಲೆ ನಿಂತುಹೋಗಿತ್ತು. ಹಿಪ್ಪುನೇರಳೆ ತೋಟ ಒಣಗಿ ಕಡ್ಡಿಯಾಗಿತ್ತು. ಹುಳು ಸಾಕಿದವರಿಗೆ ಗೊತ್ತು, ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಎಂಥದೆಂದು. ಐದನೇ ಹಂತದ ಏಳೆಂಟು ದಿನಗಳಲ್ಲಿ ಅದು ತನ್ನ ಜೀವಮಾನದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ತಿಂದು ಮುಗಿಸುತ್ತದೆ. ಆಗ ಸೊಪ್ಪು ಕಡಿಮೆಯಾದರೆ ಗೂಡು ಕಟ್ಟುವುದಿಲ್ಲ, ಕಟ್ಟಿದರೂ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ಅದನ್ನು ಕೇಳುವವರಿಲ್ಲ. ದೊಡ್ಡಪ್ಪ ಸೊಪ್ಪಿಗಾಗಿ ಸುತ್ತಲಿನ ನಾಲ್ಕು ಊರು ಅಲೆದ. ಬೇಲಿಯಾಚೆ ತಮ್ಮನ ತೋಟದಲ್ಲಿ ಸೊಪ್ಪಿತ್ತು. ತಮ್ಮ ಆ ಸಲ ಹುಳು ಹಾಕಿರಲಿಲ್ಲ, ಸೊಪ್ಪನ್ನೇ ಮಾರುವ ಲೆಕ್ಕದಲ್ಲಿದ್ದ. ಒಳ್ಳೆಯ ಬೆಲೆಯೂ ಇತ್ತು. ಹುಡುಗನ ಕಾಲೇಜಿನ ಖರ್ಚಿಗೆಂದು ಇಟ್ಟುಕೊಂಡದ್ದು. ಅಣ್ಣ ಆ ಕಡೆ ತಲೆ ಹಾಕಲಿಲ್ಲ.

ಬುಧವಾರ ಬೆಳಗಿನ ಜಾವ ನಾಲ್ಕೂವರೆಗೆ ಅಪ್ಪ ಹುಡುಗನನ್ನು ಎಬ್ಬಿಸಿದ. ‘ಏಳೋ, ಸೊಪ್ಪು ಕುಯ್ಯಬೇಕು.’

‘ಯಾರಿಗಪ್ಪ?’

ಅಪ್ಪ ಉತ್ತರ ಹೇಳಲಿಲ್ಲ. ಕುಡುಗೋಲು ಅವನ ಕೈಗಿತ್ತ. ಹುಡುಗನಿಗೆ ಅಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಟೆಸ್ಟು ಇತ್ತು. ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

ಬಾಗಿಲಲ್ಲಿ ಅಮ್ಮ ದೀಪ ಹಿಡಿದು ನಿಂತಳು. ಸೊಪ್ಪಿನ ಬೆಲೆ ಎಷ್ಟೆಂದು ಅವಳಿಗೂ ಗೊತ್ತು. ಒಂದು ಮಾತು ಆಡಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಅವಳು ಒಳಗೆ ಹೋಗಿ ಎರಡು ಗೋಣಿಚೀಲ ನೀರಿನಲ್ಲಿ ನೆನೆಸಿ ತಂದುಕೊಟ್ಟಳು, ಸೊಪ್ಪು ಬಾಡದಿರಲಿ ಎಂದು. ಟಿವಿಎಸ್ ಮೊಪೆಡ್ಡಿನ ಹಿಂದೆ ಹೊರೆ ಕಟ್ಟಿದರು. ಬೇಲಿ ಹಾರಿದರೆ ಐವತ್ತು ಹೆಜ್ಜೆ. ಆದರೆ ಅಪ್ಪ ಬೇಲಿ ದಾಟದೆ ಊರ ರಸ್ತೆ ಬಳಸಿ, ಮುಂಬಾಗಿಲಿಗೆ ಹೋದ. ಹುಡುಗ ಹಿಂದೆ ನಡೆದುಕೊಂಡು ಬಂದ.

ದೊಡ್ಡಪ್ಪ ಹುಳುಮನೆಯ ಮುಂದೆ ಬರಿ ಮೈಯಲ್ಲಿ ಕೂತು ಖಾಲಿ ಚಂದ್ರಿಕೆಯೊಂದರ ಪಟ್ಟಿ ಬಿಗಿಯುತ್ತಿದ್ದ. ಮೊಪೆಡ್ ನಿಂತದ್ದನ್ನು ಕಂಡ. ಹೊರೆಯನ್ನು ಕಂಡ. ತಮ್ಮನನ್ನು ನೋಡಲಿಲ್ಲ. ಅಪ್ಪ ಹಗ್ಗ ಬಿಚ್ಚಿ ಹೊರೆಯನ್ನು ನೆಲಕ್ಕಿಳಿಸಿ ನಿಂತ. ಏನು ಹೇಳಬೇಕೆಂದು ದಾರಿಯುದ್ದ ಯೋಚಿಸಿಕೊಂಡು ಬಂದಿದ್ದನೋ ಏನೋ, ಒಂದಕ್ಷರವೂ ಹೊರಡಲಿಲ್ಲ.

ದೊಡ್ಡಪ್ಪ ಎದ್ದು ಬಂದು ಒಂದು ರೆಂಬೆ ಹಿರಿದು ಬೆರಳಿನಿಂದ ಎಲೆ ಸವರಿ ನೋಡಿದ.

‘ಒದ್ದೆ ಅಯ್ತಲ್ಲೋ. ಒದ್ದೆ ಸೊಪ್ಪು ಹಾಕುದ್ರೆ ಹುಳ ಉಳ್ದಾವಾ? ಚಾಪೆ ಹಾಸಿ ಹರುವು.’

ಚಾಪೆ ಹಾಸಿದರು. ಮೂವರೂ ಕೂತು ಎಲೆ ಹರವಿದರು. ಆರಿದ್ದನ್ನು ಆರಿದ್ದನ್ನು ದೊಡ್ಡಪ್ಪ ಒಳಗೆ ಒಯ್ದು ತಟ್ಟೆಗಳ ಮೇಲೆ ಹಾಕುತ್ತ ಬಂದ. ಅಪ್ಪ ಇನ್ನೊಂದು ಹೊರೆ ತರಲು ಹೋದ. ಮಧ್ಯಾಹ್ನದೊಳಗೆ ಐದು ಸಲ ಹೋಗಿ ಬಂದ. ಮರುದಿನವೂ ಹೋದ, ಅದರ ಮರುದಿನವೂ.

ಜೈಲಿನ ಮಾತು ಎತ್ತಿದರೇ? ಇಲ್ಲ. ಈಗಲೂ ಇಬ್ಬರೂ ಮಾತುಗಾರರೇನೂ ಅಲ್ಲ. ಸೊಪ್ಪಿನ ದುಡ್ಡೆಂದು ದೊಡ್ಡಪ್ಪ ಗೂಡು ಮಾರಿದ ಮೇಲೆ ಸ್ವಲ್ಪ ಹಣ ಅಜ್ಜಿಯ ಕೈಗೆ ಕೊಟ್ಟುಹೋದ. ಅದು ಪೂರ್ತಿ ಬೆಲೆಯಲ್ಲ, ಅಪ್ಪ ಎಣಿಸಲೂ ಇಲ್ಲ. ಹುಡುಗನ ಕೆಮಿಸ್ಟ್ರಿ ಟೆಸ್ಟು ತಪ್ಪಿತು. ಲೆಕ್ಚರರು ಕಾರಣ ಕೇಳಿದಾಗ, ‘ದೊಡ್ಡಪ್ಪನ ಮನೆಯಲ್ಲಿ ಕೆಲಸ ಇತ್ತು ಸಾರ್’ ಎಂದ. ಅವನು ಆ ಮಾತನ್ನು ಕಾಲೇಜಿನಲ್ಲಿ ಹೇಳಿದ್ದು ಅದೇ ಮೊದಲು.

ಆ ಬುಧವಾರ ಸೊಪ್ಪು ಹಾಕಿ ಮುಗಿದ ಮೇಲೆ ಹುಳುಮನೆಯೊಳಗೆ ಸದ್ದು ಶುರುವಾಗಿತ್ತು. ಸಾವಿರಾರು ಹುಳುಗಳು ಒಟ್ಟಿಗೆ ಎಲೆ ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತದೆ. ಹೊರಗೆ ಬಿಸಿಲು ಉರಿಯುತ್ತಿತ್ತು. ಅಪ್ಪ ಬಾಗಿಲಲ್ಲಿ, ದೊಡ್ಡಪ್ಪ ಒಳಗೆ ತಟ್ಟೆಗಳ ಸಾಲಿನ ನಡುವೆ, ಇಬ್ಬರೂ ಸ್ವಲ್ಪ ಹೊತ್ತು ಅದನ್ನು ಕೇಳುತ್ತ ನಿಂತಿದ್ದರು.